‘ಸೈಪ್ರಸ್: ವ್ಯರ್ಥ ಮಾತುಕತೆಯ ಐವತ್ತು ವರ್ಷ’ – ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡುವಂಥದ್ದೂ ಅಲ್ಲ, ಓದಿಸಿಕೊಂಡು ಹೋಗುವ ಗದ್ಯ ನಿಮ್ಮದು. ತೊಂದರೆ ಬೇರೆ ಕಡೆ ಇದೆ. ಯಾವ ಊರಿನಲ್ಲಿ ಯಾರು ಯಾರ ಕೈಕುಲುಕಿದರು, ಯಾವಾಗ ಮುರಿದುಬಿತ್ತು ಎಂದು ಸಾಲಾಗಿ ಹೇಳುತ್ತೀರಿ, ಪ್ರತಿ ಸಲವೂ ಕಾರಣ ‘ನಾಯಕರ ಹಟಮಾರಿತನ’. ಇವರು ಕಿತ್ತಾಡಿದ್ದು ಏತಕ್ಕೆ ಎಂಬುದು ಮಾತ್ರ ಕೊನೆಯವರೆಗೂ ತಿಳಿಯುವುದಿಲ್ಲ.

ಮೊದಲು ಆರಂಭ ಬದಲಿಸಿ. ನೀವು 1974ರ ಜುಲೈ 20ರಂದು ಟರ್ಕಿಯ ಸೇನೆ ಇಳಿದಲ್ಲಿಂದ ಶುರುಮಾಡುತ್ತೀರಿ. ಜಗಳ 1960ರ ಸಂವಿಧಾನದಲ್ಲೇ ಇತ್ತು. ಅಧ್ಯಕ್ಷ ಗ್ರೀಕ್ ಸೈಪ್ರಿಯಟ್, ಉಪಾಧ್ಯಕ್ಷ ಟರ್ಕಿಶ್ ಸೈಪ್ರಿಯಟ್. ಸಂಸತ್ತು, ಸರ್ಕಾರಿ ನೌಕರಿಯಲ್ಲಿ 70:30, ಸೇನೆಯಲ್ಲಿ 60:40. ಟರ್ಕಿಶ್ ಸೈಪ್ರಿಯಟರು ಜನಸಂಖ್ಯೆಯ ಶೇ. 18ರಷ್ಟಿದ್ದರು. ಒಬ್ಬರಿಗೆ ಇದು ಅನ್ಯಾಯ, ಇನ್ನೊಬ್ಬರಿಗೆ ಇದೇ ರಕ್ಷೆ. 1963ರ ನವೆಂಬರ್‌ನಲ್ಲಿ ಅಧ್ಯಕ್ಷ ಮಕಾರಿಯೊಸ್ ಈ ಸಂವಿಧಾನಕ್ಕೆ 13 ತಿದ್ದುಪಡಿ ಮುಂದಿಟ್ಟರು, ಡಿಸೆಂಬರ್‌ನಲ್ಲಿ ಎರಡು ಸಮುದಾಯಗಳ ನಡುವೆ ರಕ್ತ ಹರಿಯಿತು, ಇಬ್ಬರನ್ನೂ ಬೇರೆ ಮಾಡಲು ಬ್ರಿಟಿಷ್ ಸೇನಾಧಿಕಾರಿಯೊಬ್ಬರು ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲ್‌ನಿಂದ ಗೆರೆ ಎಳೆದರು. ಗ್ರೀಕ್ ಸೈಪ್ರಿಯಟರ ಪರವಾಗಿ ಕ್ಲೆರಿಡಿಸ್, ಟರ್ಕಿಶ್ ಸೈಪ್ರಿಯಟರ ಪರವಾಗಿ ಡೆಂಕ್ಟಾಶ್ ಮಾತಿಗೆ ಕೂತದ್ದು 1968ರಲ್ಲಿ, ಬೈರೂತ್‌ನಲ್ಲಿ. ಶೀರ್ಷಿಕೆಯ ‘ಐವತ್ತು ವರ್ಷ’ದ ಲೆಕ್ಕ ಇಲ್ಲೇ ತಪ್ಪುತ್ತದೆ.

1974ರ ಬಗ್ಗೆ ಬರೆಯುವಾಗ ಮೂರು ದಿನಾಂಕಗಳೂ ಇರಲೇಬೇಕು. ಜುಲೈ 15ರಂದು ಗ್ರೀಸ್‌ನ ಸೇನಾಡಳಿತದ ಬೆಂಬಲದಿಂದ ಮಕಾರಿಯೊಸ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು. ಅದನ್ನು ಬಿಟ್ಟರೆ ಗ್ರೀಕರಿಗೆ ಮಾಫಿ ಕೊಟ್ಟಂತೆ. ಆಗಸ್ಟ್ 14ರಂದು, ಜಿನೀವಾ ಸಭೆ ಮುರಿದ ಕೂಡಲೇ, ಟರ್ಕಿಯ ಎರಡನೇ ದಾಳಿ ದ್ವೀಪದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ನುಂಗಿತು. ಅದನ್ನು ಬಿಟ್ಟರೆ ಟರ್ಕಿಗೆ ಮಾಫಿ. ನೀವು ಎರಡನ್ನೂ ಬಿಟ್ಟಿದ್ದೀರಿ.

ಹಾಗೆಯೇ ‘ಟರ್ಕರು’ ಎಂಬ ಒಂದೇ ಪದ ಅಂಕಾರಾದ ಸರ್ಕಾರ, ಅದರ ಸೈನಿಕರು, ದ್ವೀಪದ ಟರ್ಕಿಶ್ ಸೈಪ್ರಿಯಟರು – ಎಲ್ಲರಿಗೂ ಬಳಕೆಯಾಗಿದೆ. ಬೇರೆಬೇರೆ ಮಾಡದೆ ಮುಂದೆ ಹೋಗಬೇಡಿ.

ಇನ್ನು 2004. ‘ಗ್ರೀಕರು ಶಾಂತಿಯನ್ನು ಒದ್ದರು’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಲೇಖನದ ಕಾಲುಭಾಗ ಇದಕ್ಕೇ ಬೇಕು. ಏಪ್ರಿಲ್ 24ರ ಜನಮತದಲ್ಲಿ ಟರ್ಕಿಶ್ ಸೈಪ್ರಿಯಟರಲ್ಲಿ ಶೇ. 64.9 ಮಂದಿ ದ್ವೀಪವನ್ನು ಮತ್ತೆ ಒಂದುಗೂಡಿಸುವ ವಿಶ್ವಸಂಸ್ಥೆಯ ಅನ್ನಾನ್ ಯೋಜನೆಗೆ ಹೌದೆಂದರು, ಗ್ರೀಕ್ ಸೈಪ್ರಿಯಟರಲ್ಲಿ ಶೇ. 75.8 ಮಂದಿ ಬೇಡವೆಂದರು. ಏಕೆ? ವಿವಾದ ಬಗೆಹರಿಯದಿದ್ದರೂ ಸೈಪ್ರಸ್‌ನ ಸದಸ್ಯತ್ವಕ್ಕೆ ಅಡ್ಡಿಯಿಲ್ಲವೆಂದು ಯುರೋಪಿಯನ್ ಒಕ್ಕೂಟ 1999ರಲ್ಲೇ ಹೆಲ್ಸಿಂಕಿಯಲ್ಲಿ ಹೇಳಿಬಿಟ್ಟಿತ್ತು. ಮತದಾನವಾಗಿ ವಾರಕ್ಕೆ, ಮೇ 1ರಂದು, ಸದಸ್ಯತ್ವ ಖಾತ್ರಿ. ಬೇಡವೆಂದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಯೋಜನೆಯ ಐದನೇ ಕರಡು ಬಂದದ್ದು ಮಾರ್ಚ್ 31ಕ್ಕೆ. ಸಾವಿರಾರು ಪುಟ ಓದಲು 24 ದಿನ. ಅದರೊಳಗೆ ಆಸ್ತಿಯ ಷರತ್ತು: ಮನೆ ಬಿಟ್ಟು ಓಡಿದವರಿಗೆ ಸಾಮಾನ್ಯವಾಗಿ ಮೂರನೇ ಒಂದು ಪಾಲು ವಾಪಸ್, ಉಳಿದದ್ದಕ್ಕೆ ಬಾಂಡ್ ರೂಪದ ಪರಿಹಾರ. ಟರ್ಕಿಯ ಸೈನಿಕರು ಮೊದಲು 6,000ಕ್ಕೆ, ಆಮೇಲೆ 3,000ಕ್ಕೆ, ವರ್ಷಗಳ ನಂತರ 650ಕ್ಕೆ ಇಳಿಯಬೇಕು. ನಾವು ಬಿಟ್ಟುಕೊಡುವುದು ಇವತ್ತು, ಅವರು ಕೊಡುವುದು ಕಂತಿನಲ್ಲಿ – ದಕ್ಷಿಣದ ಗ್ರೀಕ್ ಸೈಪ್ರಿಯಟ್ ಮತದಾರನ ಲೆಕ್ಕ ಇದು. ಒಪ್ಪಬೇಕಿಲ್ಲ, ಆದರೆ ಬರೆಯಬೇಕು.

2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದಲ್ಲಿ ನಡೆದ ಸಭೆಯನ್ನೂ ಹೀಗೇ ಬಿಡಿಸಿ. ಆ ಜನವರಿಯಲ್ಲಿ ಜಿನೀವಾದಲ್ಲಿ ಎರಡೂ ಕಡೆಯವರು ನಕ್ಷೆ ಕೊಟ್ಟಿದ್ದರು: ಟರ್ಕಿಶ್ ಸೈಪ್ರಿಯಟ್ ಪ್ರದೇಶ ಎಷ್ಟಿರಬೇಕೆಂಬುದಕ್ಕೆ ಗ್ರೀಕ್ ಸೈಪ್ರಿಯಟರದು ಶೇ. 28.2, ಟರ್ಕಿಶ್ ಸೈಪ್ರಿಯಟರದು ಶೇ. 29.2. ಶೇಕಡಾ ಒಂದೇ ಒಂದರ ಅಂತರ, ಆದರೆ ಮೊರ್ಫು ಪಟ್ಟಣ ಸಿಕ್ಕಿಕೊಂಡಿದ್ದು ಅದರಲ್ಲೇ. ಸ್ವಿಸ್ ಬೆಟ್ಟದ ಮೇಲೆ ಮುರಿದದ್ದು ಮುಖ್ಯವಾಗಿ ಸೇನೆ, ಬ್ರಿಟನ್, ಗ್ರೀಸ್, ಟರ್ಕಿ ಈ ಮೂರು ದೇಶಗಳ ಖಾತರಿ ಮತ್ತು ಎರಡು ಸಮುದಾಯಗಳ ಸರದಿ ಅಧ್ಯಕ್ಷಗಿರಿಯ ಸುತ್ತ. ತಪ್ಪು ಯಾರದು ಎಂಬುದಕ್ಕೆ ಇಬ್ಬರ ಬಳಿ ಎರಡು ಕಥೆ ಇವೆ. ಎರಡನ್ನೂ ಕೊಡಿ, ತೀರ್ಪು ಬೇಡ.

ಜನರಲ್ ತಿಮ್ಮಯ್ಯನವರ ಪ್ಯಾರಾ ಕನ್ನಡ ಓದುಗರಿಗೆ ಹತ್ತಿರವಾಗುತ್ತದೆಂದು ಸೇರಿಸಿದ್ದೀರಿ, ಸರಿ. ಆದರೆ 1974ರಲ್ಲಿ ಅವರನ್ನು ನಿಕೋಸಿಯಾ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿದ್ದೀರಲ್ಲ! ಕೊಡಗಿನ ಆ ದಂಡನಾಯಕರು ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲಿ ತೀರಿಕೊಂಡರು. 1974ರಲ್ಲಿದ್ದವರು ಪ್ರೇಮ್ ಚಂದ್, ಅವರೂ ಭಾರತೀಯರೇ. ಇನ್ನೊಂದು, ಕದನವಿರಾಮ ಕಾಯುವುದು ಪಡೆಯ ಕೆಲಸ, ಸಂಧಾನ ಬೇರೆಯವರದು. ನಾಲ್ಕು ಸಾಲು ಸಾಕು.

ಕಾಶ್ಮೀರದ ಹೋಲಿಕೆ ಪೂರ್ತಿ ತೆಗೆಯಿರಿ. 1977ರಲ್ಲಿ ಮಕಾರಿಯೊಸ್–ಡೆಂಕ್ಟಾಶ್ ಇಬ್ಬರೂ ಒಕ್ಕೂಟ ಗಣರಾಜ್ಯಕ್ಕೆ ಒಪ್ಪಿದ್ದರು. ಆಮೇಲಿನ ದಶಕಗಳ ಚೌಕಾಸಿ ಬಹುಪಾಲು ಅದೇ ಮನೆಯ ಒಳಗಿನ ಗೋಡೆ ಎಲ್ಲಿರಬೇಕೆಂದು. ಹೋಲಿಕೆ ಅದನ್ನು ಮುಚ್ಚಿಬಿಡುತ್ತದೆ.

‘ವ್ಯರ್ಥ’ ಎಂಬ ಪದವನ್ನೂ ಇನ್ನೊಮ್ಮೆ ನೋಡಿ. ಎರಡೂ ಕಡೆಯವರು ಒಪ್ಪಿ 1981ರಲ್ಲಿ ಕಟ್ಟಿದ ಕಾಣೆಯಾದವರ ಸಮಿತಿಯ ಪಟ್ಟಿಯಲ್ಲಿ 2,002 ಹೆಸರುಗಳಿವೆ. ಅರ್ಧಕ್ಕೂ ಹೆಚ್ಚು ಜನರ ಅವಶೇಷ ಗುರುತಿಸಿ ಮನೆಯವರಿಗೆ ಒಪ್ಪಿಸಿದ್ದಾರೆ. ನಿಮ್ಮ ಲೇಖನದಲ್ಲಿ ಈ ಸಮಿತಿಯ ಸುದ್ದಿಯೇ ಇಲ್ಲ. 1,800 ಪದಗಳೊಳಗೆ ತಿದ್ದಿ ಕಳಿಸಿ.