ಮಹಾಪಧಮನಿಯ ತುರ್ತು ಶಸ್ತ್ರಚಿಕಿತ್ಸೆಗೆ ವಯಸ್ಸಿನ ಮಿತಿ ಇದೆಯೇ?

ಪ್ರಶ್ನೆ: ನನ್ನ ತಾಯಿಗೆ 76 ವರ್ಷವಾಗಿತ್ತು. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದವರು, ಬೆನ್ನಿನ ನಡುವೆ ಸೀಳಿದಂಥ ನೋವು ಎಂದು ಅಲ್ಲೇ ಕುಳಿತುಬಿಟ್ಟರು. ಗ್ಯಾಸ್ ಇರಬಹುದೆಂದು ಜೀರಿಗೆ ಕಷಾಯ ಕೊಟ್ಟೆವು. ಸಂಜೆ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ಮಹಾಪಧಮನಿ ಸೀಳಿದೆ, ‘ಟೈಪ್ ಎ’ ಎಂದರು. ‘ಈ ವಯಸ್ಸಿನಲ್ಲಿ ಆಪರೇಷನ್ ಬೇಕೇ’ ಎಂಬ ಮಾತು ಬಂತು. ಮುಂಬಯಿಯ ಅಣ್ಣನೊಡನೆ ಫೋನಿನಲ್ಲಿ ಮಾತಾಡಿ ತೀರ್ಮಾನಿಸುವ ಮೊದಲೇ ಅಮ್ಮ ತೀರಿಕೊಂಡರು. ನೆರೆಮನೆಯ 74ರ ಹಿರಿಯರೊಬ್ಬರು ಇದೇ ಆಪರೇಷನ್ ಮಾಡಿಸಿಕೊಂಡು ಈಗ ಓಡಾಡಿಕೊಂಡಿದ್ದಾರೆ. ವಯಸ್ಸಾದ ಹೆಂಗಸರಿಗೆ ಇದನ್ನು ಮಾಡುವುದಿಲ್ಲವೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಮಾಡಬಾರದೆಂಬ ನಿಯಮ ಎಲ್ಲಿಯೂ ಇಲ್ಲ. ಆದರೆ ವಯಸ್ಸಾದವರಿಗೆ ಕಡಿಮೆ ಮಾಡಲಾಗುತ್ತದೆ ಎಂಬುದು ನಿಜ, ಮತ್ತು ಅದರ ಹೊರೆ ಹೆಂಗಸರ ಮೇಲೆ ಹೆಚ್ಚು ಬೀಳುತ್ತದೆ.

ಹೃದಯದಿಂದ ಹೊರಡುವ ಈ ದೊಡ್ಡ ರಕ್ತನಾಳದ ಒಳಪದರ ಹರಿದಾಗ, ರಕ್ತವು ಪದರಗಳ ನಡುವೆ ನುಗ್ಗಿ ನಾಳವನ್ನು ಉದ್ದಕ್ಕೂ ಸೀಳುತ್ತಾ ಹೋಗುತ್ತದೆ. ಹೃದಯದಿಂದ ಮೇಲೇರುವ ಭಾಗ ಸೀಳಿದ್ದರೆ ಅದು ಟೈಪ್ ಎ. ಶಸ್ತ್ರಚಿಕಿತ್ಸೆ ಇಲ್ಲದಿದ್ದರೆ ಮೊದಲ ಎರಡು ದಿನಗಳಲ್ಲಿ ಗಂಟೆಗೆ ಶೇಕಡಾ 1ರಿಂದ 2ರಷ್ಟು ರೋಗಿಗಳು ಸಾಯುತ್ತಾರೆಂಬುದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿರುವ ಲೆಕ್ಕ.

1996ರಿಂದ ಹಲವು ದೇಶಗಳ ಆಸ್ಪತ್ರೆಗಳು ಒಟ್ಟಾಗಿ ಈ ರೋಗಿಗಳ ದಾಖಲೆ ಇಡುತ್ತಿವೆ. ಅದರ 2002ರ ವರದಿಯಂತೆ, ಟೈಪ್ ಎ ಸೀಳು ಇದ್ದ 70 ದಾಟಿದವರಲ್ಲಿ ಶೇಕಡಾ 64 ಮಂದಿಗೆ ಮಾತ್ರ ಶಸ್ತ್ರಚಿಕಿತ್ಸೆ ಆಗಿತ್ತು. ಅದಕ್ಕಿಂತ ಕಿರಿಯರಲ್ಲಿ ಶೇಕಡಾ 86 ಮಂದಿಗೆ. ರೋಗಿಗಳಲ್ಲಿ ಮೂವರಲ್ಲಿ ಇಬ್ಬರು ಗಂಡಸರು. ಹೆಂಗಸರಿಗೆ ಕಾಯಿಲೆ ಅಪರೂಪವಾದರೂ ಗಂಡಸರಿಗಿಂತ ಹಲವು ವರ್ಷ ತಡವಾಗಿ, ಹೆಚ್ಚಿನ ವಯಸ್ಸಿನಲ್ಲಿ ಬರುತ್ತದೆ. ಆದ್ದರಿಂದ ‘ಹೆಂಗಸು’ ಎಂಬ ಕಾರಣಕ್ಕೆ ಕಾಣುವ ವ್ಯತ್ಯಾಸದಲ್ಲಿ ಒಂದು ಪಾಲು ವಯಸ್ಸಿನದೇ. ಇನ್ನೊಂದು ಪಾಲು ವಿಳಂಬದ್ದು: ನೋವು ಶುರುವಾದ ಮೇಲೆ ಹೆಂಗಸರು ಆಸ್ಪತ್ರೆ ತಲುಪುವುದು ತಡ ಎಂಬುದನ್ನೂ 2004ರಲ್ಲಿ ಇದೇ ದಾಖಲೆ ತೋರಿಸಿತು. ನಮ್ಮ ಮನೆಗಳಲ್ಲಿ ಅಮ್ಮಂದಿರು ನೋವನ್ನು ನುಂಗಿಕೊಂಡು ಒಲೆಯ ಮುಂದೆ ನಿಲ್ಲುವುದನ್ನು ಕಂಡ ಯಾರಿಗೂ ಇದು ಅಚ್ಚರಿಯಲ್ಲ. ನೀವು ಕಷಾಯ ಕೊಟ್ಟದ್ದಕ್ಕೆ ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ಈ ಸೀಳನ್ನು ಗ್ಯಾಸ್, ಬೆನ್ನುನೋವು ಅಥವಾ ಹೃದಯಾಘಾತವೆಂದು ವೈದ್ಯರೂ ತಪ್ಪು ತಿಳಿಯುವುದುಂಟು.

ಶಸ್ತ್ರವೈದ್ಯರ ಹಿಂಜರಿಕೆಗೂ ಕಾರಣವಿದೆ. ದೇಹವನ್ನು ತಂಪುಗೊಳಿಸಿ, ರಕ್ತಸಂಚಾರವನ್ನೇ ಕೆಲ ಹೊತ್ತು ನಿಲ್ಲಿಸಿ, ಹರಿದ ಭಾಗದಲ್ಲಿ ಕೃತಕ ನಾಳವನ್ನು ಹೊಲಿಯುವ ಈ ಕೆಲಸದಲ್ಲಿ ವಯಸ್ಸಾದಂತೆ ಅಪಾಯ ಏರುತ್ತದೆ. ಆದರೂ ತೂಗಬೇಕಾದದ್ದು ಹುಟ್ಟಿದ ವರ್ಷವನ್ನಷ್ಟೇ ಅಲ್ಲ. ಮೆದುಳಿಗೆ, ಮೂತ್ರಪಿಂಡಕ್ಕೆ ರಕ್ತ ಹೋಗುತ್ತಿದೆಯೇ, ನಿನ್ನೆಯವರೆಗೆ ಅವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರೇ ಎಂಬುದನ್ನು ತೂಗಬೇಕು. ಈ ಶಸ್ತ್ರಚಿಕಿತ್ಸೆಗೆ 1950ರ ದಶಕದಲ್ಲಿ ದಾರಿ ತೆರೆದ ಅಮೆರಿಕದ ಮೈಕೆಲ್ ಡಿಬೇಕಿ ಅವರಿಗೇ 97ನೇ ವಯಸ್ಸಿನಲ್ಲಿ ಮಹಾಪಧಮನಿ ಸೀಳಿತು. 2006ರಲ್ಲಿ ಶಸ್ತ್ರಚಿಕಿತ್ಸೆಯಾಗಿ, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡ ಅವರು 2008ರವರೆಗೆ ಬದುಕಿದರು. ಅಂಥ ಆರೈಕೆ ಎಲ್ಲರಿಗೂ ಸಿಗದು, ನಿಜ. ಆದರೆ ‘ಈ ವಯಸ್ಸಿನಲ್ಲಿ’ ಎಂಬ ಎರಡೇ ಪದಗಳಿಗೆ ಮಾತು ಮುಗಿಯಬಾರದು. ದೋಸೆ ಹೊಯ್ಯುತ್ತಿದ್ದ 76ರ ತಾಯಿಯ ವಿಷಯದಲ್ಲಿ ಶಸ್ತ್ರವೈದ್ಯರನ್ನು ನೇರವಾಗಿ ಕೇಳುವ, ಪ್ರಜ್ಞೆಯಿದ್ದರೆ ಆಕೆಯನ್ನೇ ಕೇಳುವ ಹಕ್ಕು ನಿಮಗಿತ್ತು.

ಇಂಥ ನೋವು ಮನೆಯಲ್ಲಿ ಮತ್ತೆ ಯಾರಿಗಾದರೂ ಬಂದರೆ 108ಕ್ಕೆ ಕರೆ ಮಾಡಿ, ಎದೆಯ ಶಸ್ತ್ರಚಿಕಿತ್ಸೆ ಇರುವ ಮಣಿಪಾಲ ಅಥವಾ ಮಂಗಳೂರಿನ ಆಸ್ಪತ್ರೆಗೆ ಹೊರಡಿ. ಫೋನ್ ಮಾತುಕತೆ ದಾರಿಯಲ್ಲಿಯೇ ಆಗಲಿ. ನೋವು ಒಂದೇ ಕ್ಷಣದಲ್ಲಿ ಸೀಳಿದಂತೆ ಶುರುವಾಯಿತೆಂದು ಹೇಳಿ, ಎರಡೂ ತೋಳುಗಳ ರಕ್ತದೊತ್ತಡ ನೋಡಿಸಿ. ಹೃದಯಾಘಾತಕ್ಕೆ ಕೊಡುವ ರಕ್ತ ತೆಳುಗೊಳಿಸುವ ಔಷಧ ಇಲ್ಲಿ ಹಾನಿ ಮಾಡಬಲ್ಲದು.

ಈ ಕಾಯಿಲೆ ಕೆಲವು ಕುಟುಂಬಗಳಲ್ಲಿ ಹರಿದುಬರುವುದರಿಂದ ನೀವೂ ನಿಮ್ಮ ಅಣ್ಣನೂ ಈ ತಿಂಗಳಲ್ಲೇ ರಕ್ತದೊತ್ತಡ ಪರೀಕ್ಷಿಸಿಕೊಂಡು, ಎಕೋ ಸ್ಕ್ಯಾನ್ ಮಾಡಿಸಿ ಮಹಾಪಧಮನಿಯ ಅಳತೆ ತಿಳಿದುಕೊಳ್ಳಿ.