ಏಲಿಯನ್ ಪ್ರೇಮಕಥೆಗಳ ಹುಚ್ಚು ಬಿಟ್ಟು ಒಳ್ಳೆ ಸಾಹಿತ್ಯ ಓದೋದು ಹೇಗೆ? ಇರೋದನ್ನೆಲ್ಲ ಡಿಲೀಟ್ ಮಾಡಿಬಿಡ್ಲಾ?

ಡಿಲೀಟ್ ಮಾತ್ರ ಮಾಡಬೇಡಿ. ಉಳಿದದ್ದು ಆಮೇಲೆ ನೋಡೋಣ.

ನೂರಿಪ್ಪತ್ತು ಪುಟದ ಹಸಿಬಿಸಿ ಕಥೆ, ಕೊಂಬಿರೋ ನೀಲಿ ಮೈಯ ನಾಯಕ, ರಾತ್ರಿ ಒಂದು ಮುಗಿಸಿ ಬೆಳಗ್ಗೆ ನಾಚಿಕೆ. ಇದು 2021ರಲ್ಲಿ ನಾನೇ. ಆಗ ಟಿಕ್‌ಟಾಕ್‌ನಲ್ಲಿ ರೂಬಿ ಡಿಕ್ಸನ್ ಅವರ 'ಐಸ್ ಪ್ಲಾನೆಟ್ ಬಾರ್ಬೇರಿಯನ್ಸ್' ಹುಚ್ಚೆದ್ದು ಓಡ್ತಿತ್ತು. 2015ರಲ್ಲಿ ಲೇಖಕಿ ತಾವೇ ಪ್ರಕಟಿಸಿದ್ದ ಕಥೆ ಆರು ವರ್ಷ ಆದಮೇಲೆ ದೊಡ್ಡ ಪ್ರಕಾಶನದಿಂದ ಅಚ್ಚಾಗಿ ಬಂತು. ನಮ್ಮಲ್ಲಿ ಟಿಕ್‌ಟಾಕ್ ಅಷ್ಟೊತ್ತಿಗೆ ಬ್ಯಾನ್ ಆಗಿತ್ತು, ನನಗೆ ಆ ರೋಗ ಇನ್‌ಸ್ಟಾಗ್ರಾಮ್‌ನಿಂದ ಅಂಟಿದ್ದು. ಆ ಸರಣಿಯಲ್ಲೇ ಇಪ್ಪತ್ತಕ್ಕೂ ಹೆಚ್ಚು ಪುಸ್ತಕ. ಅದರ ಹಿಂದೆ ಅಂಥವೇ ಬೇರೆಯವು. ಎರಡು ತಿಂಗಳಲ್ಲಿ ನಲವತ್ತು ದಾಟಿತು, ಎಲ್ಲಾ ದುಡ್ಡು ಕೊಟ್ಟೇ ತಗೊಂಡದ್ದು.

ಒಂದು ಭಾನುವಾರ ಚಪಾತಿ ಹಿಟ್ಟು ಕಲಸ್ತಿದ್ದೆ. ಹಾಲ್‌ನಿಂದ ಮಾವ ಕೂಗಿದರು, "ಅಮ್ಮಾ, ಇದರಲ್ಲಿ ಏನೇನೋ ಬಂದ್ಬಿಟ್ಟಿದೆಯಲ್ಲ!" ಬ್ಯಾಂಕಿನಿಂದ ರಿಟೈರ್ ಆದವರು, ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಪ್ರಿಯರು. ಅವರ ಟ್ಯಾಬ್‌ಗೆ ನನ್ನ ಕಿಂಡಲ್ (ಅಮೆಜಾನ್‌ನ ಇ-ಪುಸ್ತಕದ) ಅಕೌಂಟನ್ನೇ ಹಾಕಿಕೊಟ್ಟಿದ್ದೆ. ಹಿಟ್ಟು ಮೆತ್ತಿದ ಕೈಯಲ್ಲೇ ಹೋಗಿ ನೋಡಿದೆ. ಪರದೆ ತುಂಬ ಮುಖಪುಟ. ಅರ್ಧಕ್ಕರ್ಧ ಮುಖಪುಟಗಳಲ್ಲಿ ಮುಖವೇ ಇಲ್ಲ, ಬರೀ ಎದೆ. ಅದೂ ನೀಲಿ ಎದೆ.

"ಅಡ್ವರ್ಟೈಸ್‌ಮೆಂಟ್ ಇರ್ಬೇಕು ಮಾವ" ಅಂದೆ.

ನನ್ನ ತಪ್ಪು ಇದಾದ ಮೇಲೆ ಶುರುವಾಗೋದು. ದಯವಿಟ್ಟು ಗಮನ ಇಟ್ಟು ಓದಿ. ಟ್ಯಾಬ್‌ನಿಂದ ಪುಸ್ತಕ ತೆಗೆಯೋದು ಬೇರೆ, ಅಕೌಂಟ್‌ನಿಂದ ಅಳಿಸೋದು ಬೇರೆ. ಮೊದಲನೆಯದು ಕಪಾಟಿನಿಂದ ಇಳಿಸಿ ಅಟ್ಟಕ್ಕೆ ಹಾಕಿದ ಹಾಗೆ, ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು. ಎರಡನೆಯದು ಒಲೆಗೆ ಹಾಕಿದ ಹಾಗೆ. ಮತ್ತೆ ಬೇಕು ಅಂದ್ರೆ ಮತ್ತೆ ದುಡ್ಡು. ನನಗೆ ಅಟ್ಟ ಸಾಕಿತ್ತು. ಅಲ್ಲ, ಅವರಿಗೆ ಬೇರೆ ಅಕೌಂಟ್ ಮಾಡಿಕೊಟ್ಟಿದ್ದರೆ ಅದೂ ಬೇಕಿರಲಿಲ್ಲ, ಹತ್ತು ನಿಮಿಷದ ಕೆಲಸ. ಆದರೆ ನಾಚಿಕೆಗೆ ಬುದ್ಧಿ ಎಲ್ಲಿರುತ್ತೆ? ಅವತ್ತೇ ರಾತ್ರಿ ಲ್ಯಾಪ್‌ಟಾಪ್ ತೆಗೆದು, ಪಟ್ಟಿಯಲ್ಲಿ ಒಂದೊಂದೇ ಆರಿಸೋ ತಾಳ್ಮೆ ಇಲ್ಲದೆ 'ಎಲ್ಲಾ' ಅಂತ ಟಿಕ್ ಹೊಡೆದೆ. 'ಶಾಶ್ವತವಾಗಿ ಹೋಗುತ್ತೆ' ಅಂತ ಅದು ಎಚ್ಚರಿಸಿತು. ಹೋಗ್ಲಿ ಪೀಡೆ ಅಂತ ಒತ್ತಿದೆ.

ಆ ಪಟ್ಟಿಯಲ್ಲಿ ಮಾವನ ಪತ್ತೇದಾರಿ ಪುಸ್ತಕಗಳೂ ಇದ್ದವು. ಏಳು.

ಮಾರನೇ ದಿನ ಟ್ಯಾಬ್ ಖಾಲಿ. ಕೆಟ್ಟಿರಬೇಕು ಅಂತ ಅವರು ಬಿಸಿಲಲ್ಲಿ ಎರಡು ಸಲ ರಿಪೇರಿ ಅಂಗಡಿಗೆ ಹೋಗಿಬಂದರು. ನಾನು ಬಾಯಿ ಬಿಡಲಿಲ್ಲ. ಮೂರನೇ ದಿನ ಹೊಸ ಟ್ಯಾಬ್ ತಗೊಳ್ಳೋ ಮಾತು ಬಂದಾಗ ತಡೆಯೋಕಾಗದೆ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮತ್ತೆ ಮಿಲ್ಸ್ ಅಂಡ್ ಬೂನ್ ಪ್ರೇಮಕಥೆಗಳಿಗೆ ಪೇಪರ್ ಹೊದಿಕೆ ಹಾಕಿ ಓದೋಳು. ಅದಿರ್ಲಿ. ನನ್ನ ಪುಸ್ತಕ ಯಾಕಮ್ಮ ಅಳಿಸ್ದೆ?"

ಸುಮಾರು ಐದು ಸಾವಿರ ರೂಪಾಯಿ ಹೋಯ್ತು. ಅವರದ್ದು ಏಳನ್ನೂ ಮತ್ತೆ ಕೊಂಡುಕೊಟ್ಟೆ.

ಇನ್ನು ನಿಮ್ಮ 'ಒಳ್ಳೆ ಸಾಹಿತ್ಯ'. ನಾನೂ ಪ್ರಾಯಶ್ಚಿತ್ತಕ್ಕೆ ಅಂತ ಆರುನೂರು ಪುಟದ ಕಾದಂಬರಿ ತಂದೆ. ನಲವತ್ತನೇ ಪುಟದಲ್ಲಿ ನಿಂತೆ. ಎಂಟು ತಿಂಗಳು ಏನೂ ಓದಲಿಲ್ಲ, ರೀಲ್ಸ್ ನೋಡಿದೆ. ಇದನ್ನ ಬಿಟ್ಟರೆ ಅದು ತಾನಾಗೇ ಬರುತ್ತೆ ಅನ್ನೋದೇ ಸುಳ್ಳು. ಎರಡೂ ಒಟ್ಟಿಗಿರಲಿ, ಯಾರೂ ಲೆಕ್ಕ ಕೇಳಲ್ಲ.

ಅಲ್ಲದೆ ಇವನ್ನ ಅಷ್ಟು ಹಗುರಾಗಿ ತೆಗೆಯೋದೂ ಬೇಡ. ಈ ಹಿಮಗ್ರಹದ ಕಥೆಯಲ್ಲಿ ಎದೆಯೊಳಗೆ ಒಂದು ಪರಜೀವಿ ಇರುತ್ತೆ. ತಕ್ಕ ಸಂಗಾತಿ ಸಿಕ್ಕಾಗ ಅದು ಗುನುಗುತ್ತೆ, ಅಲ್ಲಿಗೆ ಜೋಡಿ ಕೂಡಿತು. ಜಾತಿ ಇಲ್ಲ, ವರದಕ್ಷಿಣೆ ಇಲ್ಲ ಅಂತ ಖುಷಿಯಾಗಿ ಓದ್ತಿದ್ದವಳಿಗೆ ಹೊಳೆದದ್ದು ನಾಲ್ಕನೇ ಪುಸ್ತಕದಲ್ಲಿ: ಇದು ಜಾತಕವೇ ಅಲ್ವಾ? ಮೂವತ್ತಾರಕ್ಕೆ ಮೂವತ್ತಾರು ಗುಣ, ಜೋಯಿಸರ ಬದಲು ಹುಳು! ವ್ಯತ್ಯಾಸ ಅಂದ್ರೆ, ಅವನಿಗೆ ಭೂಮಿಯ ಹೆಣ್ಣಿನ ಬಗ್ಗೆ ಏನೂ ಗೊತ್ತಿಲ್ಲ, ನಿನಗೇನು ಇಷ್ಟ ಅಂತ ಕೇಳಿ ಕಲೀಬೇಕು. ನಮ್ಮ ಹುಡುಗಿ ನೋಡೋ ಶಾಸ್ತ್ರದಲ್ಲಿ ಉಪ್ಪಿಟ್ಟು ತಿಂದು ಎದ್ದು ಹೋದವರು ಯಾರೂ ನನ್ನನ್ನ ಹಾಗೆ ಕೇಳಿರಲಿಲ್ಲ.

ದುಡ್ಡಿನ ಚಿಂತೆಗೆ ಕಿಂಡಲ್ ಅನ್‌ಲಿಮಿಟೆಡ್ ತಗೊಳ್ಳಿ, ಅಂದ್ರೆ ಚಂದಾ ಕಟ್ಟಿ ಅದರಲ್ಲಿರೋ ಪುಸ್ತಕ ಎಷ್ಟು ಬೇಕಾದ್ರೂ ಓದೋದು, ಇಂಥವು ಅದರಲ್ಲಿ ರಾಶಿ ಸಿಗ್ತವೆ. ಅಲ್ಲಿ 2015ರಿಂದ ಲೇಖಕರಿಗೆ ಓದಿದ ಪುಟದ ಲೆಕ್ಕದಲ್ಲಿ ಹಣ. ಹಾಗಾಗಿ ಬೇಜಾರಾದ್ರೆ ಅರ್ಧಕ್ಕೆ ಬಿಡಿ, ನೀವು ಓದಿದಷ್ಟು ಪುಟಕ್ಕೆ ಅವರಿಗೆ ಸಿಗುತ್ತೆ. ನಿದ್ದೆ ಕೆಡ್ತಿದ್ದರೆ ಕಿಂಡಲನ್ನ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗಿ.

ಮಾವನಿಗೆ ಈಗ ಅವರದ್ದೇ ಅಕೌಂಟ್. ಆದರೂ ಹೊಸ ಪುಸ್ತಕ ತಗೊಳ್ಳೋ ಮುಂಚೆ ನನ್ನ ಕಡೆ ತಿರುಗಿ ಕೇಳ್ತಾರೆ, "ಇದು ಇರುತ್ತೇನಮ್ಮ?"