ಇಂಟರ್‌ವ್ಯೂ ದಿನ ಕೋಟು ಹಾಕೋದು ಸರಿ, ಬಿಚ್ಚೋದು ಯಾವಾಗ?

ಅಕ್ಕಾ ಅಂತ ಕರೆದು ಕೇಳಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ, ಮದುವೆಯಾಗಿ ಡಾಲಸ್ ಕಡೆ ಬಂದು, ಅಮೆರಿಕದ ದಂತವೈದ್ಯರ ಬೋರ್ಡ್ ಪರೀಕ್ಷೆಯಾದ ಐಎನ್‌ಬಿಡಿಇ ಪಾಸು ಮಾಡಿ, ಹೊರದೇಶದಲ್ಲಿ ಓದಿದ ದಂತವೈದ್ಯರು ಇಲ್ಲಿಯ ಡೆಂಟಲ್ ಸ್ಕೂಲು ಸೇರಲು ಬಳಸುವ ವ್ಯವಸ್ಥೆಯಾದ ಕ್ಯಾಪಿಡ್‌ನಲ್ಲಿ ಅರ್ಜಿ ಹಾಕಿದ್ದೀಯ. ಈಗ ಒಂದು ಡೆಂಟಲ್ ಸ್ಕೂಲಿನಿಂದ ಕರೆ ಬಂದಿದೆ. ಉಡುಪು ‘ಬಿಸಿನೆಸ್ ಪ್ರೊಫೆಷನಲ್’ (ಅಂದರೆ ಸೂಟು) ಇರಲಿ ಅಂತ ಮೇಲ್‌ನಲ್ಲಿ ಬರೆದಿದ್ದಾರೆ. ಬೆಳಗ್ಗೆಯಿಂದ ಸಂಜೆವರೆಗೆ ಕೋಟು ಮೈಮೇಲೇ ಇರಬೇಕಾ, ಊಟಕ್ಕೆ ಕೂತಾಗ ಬಿಚ್ಚಿದರೆ ಏನಾದರೂ ಅಂದುಕೊಳ್ಳುತ್ತಾರಾ, ಕೈಕೆಲಸ ಪರೀಕ್ಷಿಸುವ ಬೆಂಚ್ ಟೆಸ್ಟ್‌ಗೆ ಏನು ಮಾಡಲಿ, ಸೀರೆ ಉಟ್ಟು ಹೋಗಬಹುದಾ ಎಂಬುದು ನಿನ್ನ ಪ್ರಶ್ನೆ. ಜೊತೆಗೆ ನಿನ್ನ ಬ್ಯಾಚಿನ ಹುಡುಗನಿಗೂ ಬೇರೆ ಕಡೆಯಿಂದ ಕರೆ ಬಂದಿದೆ, ತನ್ನ ರಿಸೆಪ್ಶನ್ ಸೂಟೇ ಸಾಕಾ ಅಂತ ಅವನು ನಿನ್ನ ಕೈಲಿ ಕೇಳಿಸಿದ್ದಾನೆ.

ನಾನೂ ಇದೇ ದಾರಿಯಲ್ಲಿ ಬಂದವಳು. ನಮ್ಮ ಕಾಲಕ್ಕೆ ಬೋರ್ಡ್ ಪರೀಕ್ಷೆ ಪಾರ್ಟ್ ಒನ್, ಪಾರ್ಟ್ ಟೂ ಅಂತ ಎರಡಿತ್ತು. ನಿಮ್ಮ ಐಎನ್‌ಬಿಡಿಇ ಶುರುವಾದದ್ದು 2020ರಲ್ಲಿ. ಈಗ ಮಿಡ್‌ವೆಸ್ಟ್‌ನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ, ವಾರಕ್ಕೊಂದು ದಿನ ಡೆಂಟಲ್ ಸ್ಕೂಲಿನಲ್ಲಿ ಪಾಠ ಹೇಳುತ್ತೇನೆ, ಇಂಟರ್‌ವ್ಯೂ ದಿನಗಳಲ್ಲಿ ಮೇಜಿನ ಆಚೆ ಬದಿ ಕೂರುವುದೂ ಇದೆ. ಮೊದಲು ಧೈರ್ಯಕ್ಕೊಂದು ಮಾತು: ನಾವು ಅಂಕ ತುಂಬುವ ಹಾಳೆಯಲ್ಲಿ ಕೋಟಿಗೆ ಅಂತ ಕಾಲಮ್ ಇಲ್ಲ. ಕೋಟು ಬಿಚ್ಚಿದ್ದಕ್ಕೆ ಸೀಟು ತಪ್ಪಿದವರನ್ನು ನಾನು ನೋಡಿಲ್ಲ. ಕೋಟು ಬಿಚ್ಚದೆ ಕೆಲಸ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಅದಕ್ಕೇ ಬೆಂಚ್ ಟೆಸ್ಟ್‌ನಿಂದಲೇ ಶುರು ಮಾಡುತ್ತೇನೆ. ಮಾಡಬೇಕಾದ್ದು ನಿನಗೆ ಗೊತ್ತೇ ಇದೆ. ಟೈಪೊಡಾಂಟ್ ಅನ್ನುವ ದವಡೆ ಮಾದರಿಯ ಪ್ಲಾಸ್ಟಿಕ್ ಹಲ್ಲನ್ನು ಕ್ರೌನ್ ಕೂರಿಸಲು ಕೊರೆಯುವುದು (ಕ್ರೌನ್ ಪ್ರಿಪರೇಶನ್), ಬಹುಶಃ ಹಲ್ಲುಗಳ ನಡುವಿನ ಹುಳುಕಿಗೆ ಮಾಡುವ ಒಂದು ಕ್ಲಾಸ್ ಟು, ಕೆಲವು ಕಡೆ ಮೇಣದಲ್ಲಿ ಹಲ್ಲಿನ ಆಕಾರ ಮಾಡುವ ವ್ಯಾಕ್ಸಿಂಗ್. ಸೆಕೆಂಡ್ ಇಯರ್‌ನಲ್ಲಿ ಫ್ಯಾಂಟಮ್ ಹೆಡ್ ಅನ್ನುವ ಬೊಂಬೆ ತಲೆಯ ಮುಂದೆ ಕೂತು ಮಾಡಿದ್ದೇ. ಒಂದು ವರ್ಷ ಒಬ್ಬ ಅಭ್ಯರ್ಥಿ ಕೋಟಿನ ಮೇಲೆಯೇ ಗೌನ್ ಹಾಕಿಕೊಂಡು ಕೂತಿದ್ದ. ಬಿಚ್ಚಿದರೆ ಅಶಿಸ್ತು ಅಂದುಕೊಂಡನೇನೋ. ಕೋಟಿನ ತೋಳು, ಅದರ ಮೇಲೆ ಗೌನಿನ ತೋಳು, ಅದನ್ನು ಬಿಗಿದ ಗ್ಲೌಸ್. ಮಣಿಕಟ್ಟು ತಿರುಗಿಸಿದಾಗೆಲ್ಲ ಬಟ್ಟೆ ಕೈಯನ್ನು ಹಿಂದಕ್ಕೆ ಜಗ್ಗುತ್ತಿತ್ತು, ಆಸರೆಗೆ ಊರುವ ಬೆರಳು (ಫಿಂಗರ್ ರೆಸ್ಟ್) ನಿಲ್ಲುತ್ತಲೇ ಇರಲಿಲ್ಲ. ಹ್ಯಾಂಡ್‌ಪೀಸ್ ಒಂದು ಪಕ್ಕಕ್ಕೆ ವಾಲಿ ಕೊರೆದ ಹಲ್ಲಿನ ಗೋಡೆಗಳ ಇಳಿಜಾರು (ಟೇಪರ್) ಜಾಸ್ತಿಯಾಯಿತು, ಪಕ್ಕದ ಹಲ್ಲಿಗೂ ಕೊರೆಯುವ ಬರ್ ತಾಗಿತು. ಪಕ್ಕದ ಹಲ್ಲಿಗೆ ಗಾಯವಾದರೆ ಅಂಕ ಎಲ್ಲಿಗೆ ಇಳಿಯುತ್ತದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ಮಾತಿನಲ್ಲಿ ಅವನು ತುಂಬ ಚೆನ್ನಾಗಿ ಮಾಡಿದ್ದ.

ಹಾಗಾಗಿ ಲ್ಯಾಬ್ ಬಾಗಿಲು ದಾಟುವ ಮುಂಚೆ ಕೋಟು ಮೈಮೇಲಿಂದ ಇಳಿದಿರಬೇಕು. ಯಾರ ಅಪ್ಪಣೆಯೂ ಬೇಡ. ಒಳಗೆ ಕುರ್ಚಿ ಬೆನ್ನಿಗೆ ಹಾಕುವುದಲ್ಲ, ಹೊರಗೇ ತೂಗುಹಾಕಿ ಬಾ; ಪ್ಲಾಸ್ಟಿಕ್ ಹಲ್ಲಿನ ಬಿಳಿ ಪುಡಿ ಕಡು ನೀಲಿ ಬಟ್ಟೆಗೆ ಹತ್ತಿದರೆ ಕೊಡವಿದಷ್ಟೂ ಹರಡುತ್ತದೆ. ಬೆಂಚ್ ಟೆಸ್ಟ್ ಆದ ಮೇಲೆ ಇನ್ನೊಂದು ಸುತ್ತು ಮಾತುಕತೆ ಇದ್ದರೆ ಅದೇ ಕೋಟು ಮತ್ತೆ ಬೇಕಾಗುತ್ತದಲ್ಲ. ಆಸ್ಪತ್ರೆಯಲ್ಲಿ ತೊಡುವ ಸಡಿಲ ಉಡುಪಾದ ಸ್ಕ್ರಬ್ಸ್‌ಗೆ ಬದಲಾಯಿಸಿಕೊಳ್ಳಲು ಕೆಲವು ಸ್ಕೂಲುಗಳು ಸಮಯ ಕೊಡುತ್ತವೆ, ಕೆಲವು ಅಂಗಿಯ ಮೇಲೆ ಲ್ಯಾಬ್ ಕೋಟು ಹಾಕಿಕೊಂಡರೆ ಸಾಕು ಅನ್ನುತ್ತವೆ. ಬೆಂಚ್ ಟೆಸ್ಟನ್ನೇ ಬೇರೆ ದಿನ ಇಡುವ ಕಡೆಯೂ ಉಂಟು. ಊರಿನ ಏಪ್ರನ್ (ಬಿಳಿ ಕೋಟು) ತಂದಿದ್ದರೆ ಕಾಲೇಜಿನ ಹೆಸರು ಹೊಲಿದದ್ದು ಬೇಡ, ಏನೂ ಇಲ್ಲದ ಬಿಳಿಯದು ಒಯ್ಯಿ. ಇಲ್ಲಿ ಬಿಳಿ ಕೋಟನ್ನು ಸಮಾರಂಭ ಮಾಡಿ ತೊಡಿಸುತ್ತಾರೆ. 1993ರಲ್ಲಿ ಕೊಲಂಬಿಯಾದ ಮೆಡಿಕಲ್ ಕಾಲೇಜಿನಲ್ಲಿ ಶುರುವಾದ ಪದ್ಧತಿ, ಈಗ ಡೆಂಟಲ್ ಸ್ಕೂಲುಗಳಿಗೂ ಬಂದಿದೆ. ಅವರ ಹೆಸರಿನ ಕೋಟು ಸೀಟು ಸಿಕ್ಕ ಮೇಲೆ ಸಿಕ್ಕೇ ಸಿಗುತ್ತದೆ.

ಕೋಟು ಕೊಳ್ಳುವ ಮುಂಚೆ ಅದರೊಳಗೆ ಏನು ಹಾಕುತ್ತೀ ಅಂತ ಯೋಚಿಸು. ಇಲ್ಲಿಯ ಅಂಗಡಿಗಳಲ್ಲಿ ಹೆಂಗಸರ ಸೂಟಿನ ಜೊತೆ ತೋಳಿಲ್ಲದ ತೆಳು ಟಾಪ್ ತೂಗುಹಾಕಿರುತ್ತಾರೆ. ಕೋಟು ಇರುವವರೆಗೆ ಚಂದ. ಬಿಚ್ಚಬೇಕಾದಾಗ ಒಂದು ಕೋಣೆ ತುಂಬ ಅಪರಿಚಿತರ ಮುಂದೆ ಮೈ ಮುದುಡುತ್ತದೆ, ಆ ಮುಜುಗರಕ್ಕೇ ಕೆಲವರು ದಿನವಿಡೀ ಬೆವರುತ್ತ ಕೂರುತ್ತಾರೆ. ಮೊಣಕೈವರೆಗೆ ತೋಳಿರುವ, ಎದೆಯ ಹತ್ತಿರ ಗುಂಡಿಗಳ ನಡುವೆ ಬಾಯಿ ಬಿಡದ ಅಂಗಿ ತಗೋ. ಗೌನಿನೊಳಗೂ ಅದು ತೊಂದರೆ ಕೊಡುವುದಿಲ್ಲ. ತಿಳಿ ನೀಲಿ, ತಿಳಿ ಬೂದು ಬಣ್ಣದಲ್ಲಿ ಕಂಕುಳ ಬೆವರು ದೂರದಿಂದಲೇ ಕಾಣುತ್ತದೆ. ಬಿಳಿಯಲ್ಲಿ ಅಷ್ಟು ಕಾಣುವುದಿಲ್ಲ. ಕೋಟಿಲ್ಲದೆಯೂ ನೇರವಾಗಿ ನಿಲ್ಲಬಹುದಾದ ಅಂಗಿ ಇದ್ದರೆ ನಿನ್ನ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿದವು.

ಇನ್ನು ಬೆಳಗಿನ ಭಾಗ. ಒಳಗೆ ಹೋಗುವುದು, ಹೆಸರು ಹೇಳಿ ಬ್ಯಾಡ್ಜ್ ತಗೊಳ್ಳುವುದು, ಸ್ಕೂಲಿನವರ ಪರಿಚಯದ ಮಾತು, ಇಬ್ಬರು ಫ್ಯಾಕಲ್ಟಿ ಜೊತೆ ಇಂಟರ್‌ವ್ಯೂ, ಅಥವಾ ಕೋಣೆಯಿಂದ ಕೋಣೆಗೆ ಓಡಿಸಿ ಚಿಕ್ಕ ಚಿಕ್ಕ ಸಂದರ್ಶನ ಮಾಡುವ ಎಂಎಂಐ. ಇಷ್ಟರಲ್ಲೂ ಕೋಟು ಇರಲಿ. ಪರಿಚಯದ ಹಾಲ್‌ನಲ್ಲಿ ಏಸಿ ಎಷ್ಟಿರುತ್ತದೆಂದರೆ ಬಿಚ್ಚಬೇಕು ಅನ್ನಿಸುವುದೂ ಇಲ್ಲ. ಬ್ಯಾಡ್ಜನ್ನು ಬಲ ಎದೆಗೆ ಹಾಕು, ಕೈ ಕುಲುಕುವಾಗ ಎದುರಿನವರ ಕಣ್ಣು ಆ ಕಡೆಗೇ ಹೋಗುತ್ತದೆ. ಫೈಲು ಎಡಗೈಯಲ್ಲಿ. ನವೆಂಬರ್ ಅಂದಿದ್ದೀಯ, ಹಾಗಾದರೆ ಮೇಲೆ ಚಳಿಯ ದಪ್ಪ ಜಾಕೆಟ್ಟೂ ಇರುತ್ತದೆ. ಅದನ್ನು ಮಾತ್ರ ಬಾಗಿಲ ಹತ್ತಿರವೇ ಬಿಚ್ಚಿ, ಕೋಟು ಸ್ಟ್ಯಾಂಡ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಬ್ಯಾಗುಗಳ ಜೊತೆ ಇಟ್ಟುಬಿಡು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಇಂಟರ್‌ವ್ಯೂಗೆ ಕೂರುವವರು ಬಸ್ ಸ್ಟ್ಯಾಂಡಿನಲ್ಲಿ ಗಂಟು ಕಾಯುವವರ ಹಾಗೆ ಕಾಣುತ್ತಾರೆ.

ಇಂಟರ್‌ವ್ಯೂ ಕೋಣೆಯಲ್ಲಿ ನಮ್ಮ ವೈವಾ ಅಭ್ಯಾಸ ಅಡ್ಡ ಬರುತ್ತದೆ. ಎಕ್ಸ್‌ಟರ್ನಲ್ ಪರೀಕ್ಷಕರ ಎದುರು ಏಪ್ರನ್ ಗುಂಡಿ ಕತ್ತಿನವರೆಗೆ ಹಾಕಿ, ಹೇಳುವವರೆಗೆ ಕೂರದೆ, ಕೂತ ಮೇಲೂ ಅಲುಗಾಡದೆ ಇರುವುದನ್ನು ಕಲಿತವರು ನಾವು. ಇಲ್ಲಿ ಅವರೇ ಎದ್ದು ಕೈ ಕೊಡುತ್ತಾರೆ, ಕೂರು ಅನ್ನುತ್ತಾರೆ. ಗಂಡಸರಾದರೆ ಕೂರುವಾಗ ಗುಂಡಿ ಬಿಚ್ಚಿ, ಏಳುವಾಗ ಹಾಕಿಕೊಳ್ಳುವುದು ವಾಡಿಕೆ. ನಿಮ್ಮ ಬ್ಯಾಚಿನ ಹುಡುಗನಿಗೆ ಹೇಳು, ಎರಡು ಗುಂಡಿಯ ಕೋಟಾದರೆ ಮೇಲಿನದು ಮಾತ್ರ. ಕೆಳಗಿನದನ್ನು ಯಾವತ್ತೂ ಹಾಕುವಂತಿಲ್ಲ. ಮೂರು ಗುಂಡಿಯದಾದರೆ ನಡುವಿನದು. ಹೆಂಗಸರ ಕೋಟಿನ ಕತ್ತರಿಕೆಯೇ ಬೇರೆ, ಗುಂಡಿ ಹಾಕಿಕೊಂಡೇ ಕೂತರೂ ನಡೆಯುತ್ತದೆ. ಕನ್ನಡಿ ಮುಂದೆ ಕುರ್ಚಿ ಹಾಕಿಕೊಂಡು ಒಮ್ಮೆ ಕೂತು ನೋಡು. ಗುಂಡಿಯ ಸುತ್ತ ಬಟ್ಟೆ ನಾಲ್ಕೂ ಕಡೆ ಎಳೆದು ಗೆರೆ ಬಿದ್ದರೆ ಬಿಚ್ಚಿಯೇ ಕೂರು. ಸೆಖೆ ಆದರೆ “ಕೋಟು ತೆಗೆಯಬಹುದಾ?” ಅಂತ ಕೇಳು. ಬೇಡ ಅನ್ನುವವರು ಯಾರೂ ಇಲ್ಲ. ಎದುರಿನವರು ಮೊದಲೇ ಬಿಚ್ಚಿ ಕೂತಿದ್ದರೆ ಕೇಳುವುದೂ ಬೇಕಿಲ್ಲ.

ಊಟದ ಹೊತ್ತು ಸಾಮಾನ್ಯವಾಗಿ ಈಗ ಓದುತ್ತಿರುವ ವಿದ್ಯಾರ್ಥಿಗಳ ಜೊತೆ ಕೂರಿಸುತ್ತಾರೆ. ಅವರು ಸ್ಕ್ರಬ್ಸ್‌ನಲ್ಲೇ ಬಂದಿರುತ್ತಾರೆ. ಡಬ್ಬದ ಸ್ಯಾಂಡ್‌ವಿಚ್, ಸಲಾಡ್, ಕೆಲವೊಮ್ಮೆ ಪಿಜ್ಜಾ. ಇಲ್ಲಿ ಕೋಟು ಬಿಚ್ಚು, ಧಾರಾಳವಾಗಿ. ಸಲಾಡಿನ ಎಣ್ಣೆ ಕಾಲರ್ ಮೇಲೆ ಬಿದ್ದರೆ ಮಧ್ಯಾಹ್ನವೆಲ್ಲ ಅದರ ಮೇಲೇ ಗಮನ. ಮೊದಲು ಭುಜಗಳನ್ನು ಒಳಮಗ್ಗುಲಾಗಿ ತಿರುಗಿಸಿ, ಅಸ್ತರು ಹೊರಗೆ ಬರುವ ಹಾಗೆ ಉದ್ದಕ್ಕೆ ಮಡಚಿ ಕುರ್ಚಿ ಬೆನ್ನಿಗೆ ಹಾಕು, ಕೊಳೆ ತಾಗಿದರೂ ಅಸ್ತರಿಗೇ ತಾಗುತ್ತದೆ. ಬಟ್ಟೆಗಿಂತ ನೆನಪಿಡಬೇಕಾದ್ದು, ಈ ಹುಡುಗರು ಬರೀ ಅತಿಥಿ ಸತ್ಕಾರಕ್ಕೆ ಬಂದವರಲ್ಲ. ಅವರ ಅಭಿಪ್ರಾಯವನ್ನೂ ಕೇಳುವ ಸ್ಕೂಲುಗಳು ಸಾಕಷ್ಟಿವೆ. ಕೋಟು ಬಿಚ್ಚಿದೆ ಅಂತ ನಾಲಿಗೆಯನ್ನೂ ಸಡಿಲ ಬಿಡಬೇಡ, ಬೇರೆ ಸ್ಕೂಲಿನ ಬಗ್ಗೆ ಹಗುರ ಮಾತು ಅಲ್ಲಿ ಬೇಡ. ಸಸ್ಯಾಹಾರ ಅಂತ ಫಾರ್ಮ್‌ನಲ್ಲಿ ಮೊದಲೇ ಬರೆದಿಡು. ಕ್ಲಿನಿಕ್ ಸುತ್ತಾಡಿಸಲು ಹೊರಟಾಗ ಮತ್ತೆ ಹಾಕಿಕೊಂಡರೆ ಸರಿ, ಇಲ್ಲವೇ ಎಡತೋಳಿನ ಮೇಲೆ ಇರಲಿ. ಮೆಟ್ಟಿಲು, ಉದ್ದದ ಕಾರಿಡಾರು ಬಹಳ ಇರುತ್ತವೆ, ಆ ದಿನಕ್ಕೆಂದು ಹೊಸ ಹೀಲ್ಸ್ ಕೊಳ್ಳಬೇಡ.

ಸೀರೆ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮಾತಿನ ಕೋಣೆಗೆ ಸೀರೆ ಯಾವ ಸೂಟಿಗೂ ಕಡಿಮೆಯಲ್ಲ, ಚೆನ್ನಾಗಿ ನೆರಿಗೆ ಹಿಡಿದು ಉಟ್ಟವಳನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಆದರೆ ಅದೇ ದಿನ ಬೆಂಚ್ ಟೆಸ್ಟ್ ಇದ್ದರೆ ಬಿಚ್ಚಿ ಉಡುವಷ್ಟು ಜಾಗ, ಸಮಯ ಸಿಗುವುದಿಲ್ಲ. ಬೇರೆ ದಿನ ಇಟ್ಟಿದ್ದರೆ ಉಡು. ಚೂಡಿದಾರದ ಮೇಲೆ ಬ್ಲೇಜರ್ ಹಾಕುವುದು ಮಾತ್ರ ನನಗೆ ಅಷ್ಟಕ್ಕಷ್ಟೇ. ತಾಳಿ ಸರ ಉದ್ದವಿದ್ದರೆ ಅಂಗಿಯೊಳಗೆ ಸೇರಿಸು. ನಾಚಿಕೆಗಲ್ಲ, ಬಗ್ಗಿ ಕೆಲಸ ಮಾಡುವಾಗ ತಿರುಗುವ ಬರ್ ಹತ್ತಿರ ಜೋತಾಡಬಾರದು ಅಂತ. ಬಳೆ ಗ್ಲೌಸ್ ಹರಿಯುತ್ತದೆ, ಅವತ್ತೊಂದು ದಿನ ತೆಗೆದಿಡು. ಬೊಟ್ಟು ನಿನ್ನಿಷ್ಟ. ಮದುವೆ, ಮಕ್ಕಳ ವಿಷಯ ಕೇಳಬೇಡಿ ಅಂತ ನಮಗೆ ಮೊದಲೇ ಹೇಳಿರುತ್ತಾರೆ, ಆ ಭಯ ಬಿಡು.

ಕೊಳ್ಳುವುದಕ್ಕೆ ಮೇಸೀಸ್, ಕೋಲ್ಸ್, ಜೆಸಿಪೆನ್ನಿ ಎಲ್ಲವೂ ಆಗುತ್ತವೆ. ಭುಜ ಸರಿಯಾಗಿ ಕೂರುವುದನ್ನೇ ಆರಿಸು. ತೋಳು ಗಿಡ್ಡ ಮಾಡುವುದು, ಸೊಂಟ ಹಿಡಿಸುವುದು ಯಾವ ಟೈಲರಿಗೂ ಸುಲಭ, ಭುಜ ಬಿಚ್ಚಿ ಹೊಲಿಯುವುದು ದೊಡ್ಡ ರಗಳೆ. ಮನೆಗೆ ತಂದ ಮೇಲೆ ಹಿಂಭಾಗದ ಸೀಳಿಗೆ ಅಡ್ಡಡ್ಡ ಹಾಕಿರುವ ಕಚ್ಚಾ ಹೊಲಿಗೆ ಕತ್ತರಿಸಿ ತೆಗೆ. ತೋಳಿನ ಮೇಲೆ ಬ್ರ್ಯಾಂಡಿನ ಪಟ್ಟಿ ಇದ್ದರೆ ಅದೂ ಹೋಗಬೇಕು. ನಮ್ಮವರು ಇವೆರಡನ್ನೂ ಕಂಪನಿಯವರು ಬೇಕೆಂದೇ ಹೊಲಿದದ್ದು ಅಂತ ಹಾಗೇ ಬಿಟ್ಟಿರುತ್ತಾರೆ. ಟ್ಯಾಗ್ ಒಳಗೆ ಸಿಕ್ಕಿಸಿಕೊಂಡು, ದಿನ ಮುಗಿದ ಮೇಲೆ ಅಂಗಡಿಗೆ ವಾಪಸ್ ಮಾಡುವ ಉಪಾಯವನ್ನೂ ಯಾರಾದರೂ ಹೇಳಿಕೊಡುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ದುಡ್ಡಿನ ಕಷ್ಟವಿದ್ದರೆ ಗುಡ್‌ವಿಲ್‌ನಂಥ ಹಳೆ ಬಟ್ಟೆ ಅಂಗಡಿಗಳಲ್ಲಿ ಒಳ್ಳೊಳ್ಳೆಯ ಕೋಟುಗಳು ಸಿಗುತ್ತವೆ.

ಇನ್ನೊಂದು ವಿಷಯ, ಇದನ್ನು ಹೊರಗಿನವರು ಯಾರೂ ನಿನ್ನ ಮುಖಕ್ಕೆ ಹೇಳುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಕಿಟಕಿ ಮುಚ್ಚಿ ಒಗ್ಗರಣೆ ಹಾಕಿದರೆ ಇಂಗು, ಸಾಸಿವೆ, ಎಣ್ಣೆಯ ಘಾಟು ಉಣ್ಣೆ ಬಟ್ಟೆಗೆ ಹಿಡಿದುಕೊಳ್ಳುತ್ತದೆ, ವಾರವಾದರೂ ಬಿಡುವುದಿಲ್ಲ. ನಮ್ಮ ಮೂಗಿಗೆ ಅದು ಗೊತ್ತಾಗುವುದೂ ಇಲ್ಲ. ಕೋಟನ್ನು ಕವರಿನೊಳಗೆ ಹಾಕಿ ಅಡುಗೆಮನೆಗೆ ದೂರದ ಕ್ಲೋಸೆಟ್‌ನಲ್ಲಿ ಇಡು, ಬಾಗಿಲು ಮುಚ್ಚಿರಲಿ. ನುಸಿಗುಳಿಗೆ ಹಾಕಿಟ್ಟೀಯ, ಅದರ ವಾಸನೆ ಇನ್ನೂ ಕೆಟ್ಟದ್ದು. ವಿಮಾನದಲ್ಲಿ ಹೋಗುವಾಗ ಚೆಕ್-ಇನ್ ಸೂಟ್‌ಕೇಸಿಗೆ ಹಾಕದೆ ಕೈಲೇ ಒಯ್ಯಿ. ಹೋಟೆಲಿನಲ್ಲಿ ಬಿಸಿನೀರು ಬಿಟ್ಟು ಬಾತ್‌ರೂಮಿನಲ್ಲಿ ಸ್ವಲ್ಪ ಹೊತ್ತು ತೂಗುಹಾಕಿದರೆ ಸಣ್ಣ ಸುಕ್ಕು ಹೋಗುತ್ತದೆ.

ಇಂಟರ್‌ವ್ಯೂ ಭಾಗವನ್ನು ಝೂಮ್‌ನಲ್ಲಿ ಮಾಡುತ್ತೇವೆ ಅಂತ ಹೇಳಿದರೂ ಕೋಟು ಬೇಕು. ಕೂರುವಾಗ ಕೋಟಿನ ಹಿಂದಿನ ಅಂಚನ್ನು ಕೆಳಗೆ ಎಳೆದುಕೊಂಡು ಅದರ ಮೇಲೆ ಕೂತರೆ ಭುಜ ಕಿವಿಯ ಹತ್ತಿರ ಏರುವುದಿಲ್ಲ, ಟಿವಿ ವಾರ್ತೆ ಓದುವವರ ಹಳೆಯ ಉಪಾಯ ಇದು.

ಕೊನೆಗೆ ನಿಮ್ಮ ಬ್ಯಾಚಿನ ಹುಡುಗನ ರಿಸೆಪ್ಶನ್ ಸೂಟು. ಬಟ್ಟೆ ಕಡು ನೀಲಿ ಅಥವಾ ಕಡು ಬೂದು ಇದ್ದು, ದೀಪದ ಕೆಳಗೆ ಹೊಳೆಯದಿದ್ದರೆ ಅದನ್ನೇ ಹಾಕಿಕೊಳ್ಳಲಿ. ಎದೆಯ ಬ್ರೂಚು, ರೇಷ್ಮೆ ಕರ್ಚೀಫು ತೆಗೆದಿಡಲಿ. ಮರೂನ್ ಬಣ್ಣ, ಮಿಂಚುವ ಕಾಲರ್, ಕಸೂತಿ ಇದ್ದರೆ ಅದು ಮಂಟಪಕ್ಕೇ ಸರಿ. ಮದುವೆಯಾಗಿ ಎಷ್ಟು ವರ್ಷವಾಯಿತೋ, ಗುಂಡಿ ಇನ್ನೂ ಕೂಡುತ್ತದಾ ಅಂತ ಈಗಲೇ ಹಾಕಿ ನೋಡಲು ಹೇಳು, ಹಿಂದಿನ ರಾತ್ರಿ ಬೇಡ.

ನೀನು ಈ ವಾರವೇ ಅಡ್ಮಿಶನ್ಸ್ ಆಫೀಸಿಗೆ ಎರಡು ಸಾಲಿನ ಮೇಲ್ ಹಾಕು: ಬೆಂಚ್ ಟೆಸ್ಟ್ ಅದೇ ದಿನವಾ, ಬಟ್ಟೆ ಬದಲಾಯಿಸಲು ಕೋಣೆ ಇದೆಯಾ, ಗೌನ್ ಅವರೇ ಕೊಡುತ್ತಾರಾ ಅಂತ. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯಬೇಡ, ಈ ಪ್ರಶ್ನೆಗೆ ಉತ್ತರ ಕೊಡುವುದೇ ಅವರ ಕೆಲಸ. ಉತ್ತರ ಬಂದ ಮೇಲೆ ಅಂಗಡಿಗೆ ಹೋಗು.